ಇಬ್ಬರು ಲೆಕ್ಕಿಗರು, ಒಂದು ಪ್ರಶ್ನೆ

ಕೊಂಡಾಪುರದಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಚಿಲ್ಕೂರು ಬಾಲಾಜಿಯ ಪರಿಚಯ ಬೇಗ ಆಗುತ್ತದೆ. ಉಸ್ಮಾನ್ ಸಾಗರದ ಬಳಿಯ ಈ ಗುಡಿಯಲ್ಲಿ ಹುಂಡಿಯಿಲ್ಲ. ಬೇಡಿಕೊಳ್ಳುವಾಗ 11 ಸುತ್ತು, ಕೈಗೂಡಿದ ಮೇಲೆ 108. ಅಮೆರಿಕಕ್ಕೆ ಹೊರಟವರು ಬಂದು ಬಂದು ದೇವರಿಗೆ ವೀಸಾ ಬಾಲಾಜಿ ಎಂದೇ ಹೆಸರಾಯಿತು. ಆದರೆ ನಾನು ಕಂಡವರಲ್ಲಿ ಯಾರೂ ಅಲ್ಲಿ 'ಹೋಗಲೋ, ಬೇಡವೋ' ಎಂದು ಕೇಳಿದ್ದಿಲ್ಲ. ಅದು ಮನೆಯಲ್ಲೇ ತೀರ್ಮಾನವಾಗಿರುತ್ತದೆ. ದೇವರಿಂದ ಬೇಕಾದದ್ದು ಮುದ್ರೆ ಮಾತ್ರ.

ನಮ್ಮ ಶಿರಸಿ ಕಡೆಯ ಪ್ರಸಾದ ಕೇಳುವ ಪದ್ಧತಿ ಬೇರೆ. ಒದ್ದೆ ಮಾಡಿದ ಹೂವನ್ನು ಮೂರ್ತಿಗೆ ಅಂಟಿಸಿ ಕಾಯುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಇನ್ನೊಂದು ಗುಡಿ ಹುಡುಕುವವರೂ ಇದ್ದಾರೆನ್ನಿ! ಹೂವಿಗೆ ಗೊತ್ತಿರುವುದು ಎರಡೇ ಉತ್ತರ, ಹಾಗಾಗಿ ಪ್ರಶ್ನೆ ಹೇಗಿಟ್ಟೆವು ಎಂಬುದರಲ್ಲೇ ಅರ್ಧ ಉತ್ತರ ಅಡಗಿರುತ್ತದೆ.

ಹರಿಹರನ 'ಬಸವರಾಜದೇವರ ರಗಳೆ'ಯಲ್ಲಿ ಬಸವಣ್ಣ ಏನನ್ನೂ ಕೇಳಿರಲಿಲ್ಲ. ಬಾಗೇವಾಡಿ ತೊರೆದು ಬಂದು, ಕೃಷ್ಣೆ ಮಲಪ್ರಭೆ ಸೇರುವ ಕೂಡಲಸಂಗಮದಲ್ಲಿ ಪೂಜೆ ಮಾಡಿಕೊಂಡು ಸುಖವಾಗಿದ್ದ. ಸಂಗಯ್ಯ ಕನಸಿಗೆ ಬಂದು, ಬಿಜ್ಜಳನಿರುವ ಮಂಗಳವಾಡಕ್ಕೆ ಹೋಗು ಎನ್ನುತ್ತಾನೆ. ನಿನ್ನನ್ನು ಬಿಟ್ಟು ಹೇಗೆ ಹೋಗಲಿ ಎಂದು ಬಸವಣ್ಣ ಗೋಳಿಡುತ್ತಾನೆ. ಮರುದಿನ ನಂದಿಯ ಬಾಯಿಂದ ಲಿಂಗ ಬರುತ್ತದೆ, ದೇವರೇ ಜೊತೆಗೆ ಹೊರಟಂತೆ. ಇಂದಿನ ಸೊಲ್ಲಾಪುರ ಜಿಲ್ಲೆಯ ಆ ಊರಿನಲ್ಲಿ ಅವನು ಸೇರಿದ್ದು ಭಂಡಾರದ ಲೆಕ್ಕದ ಕೆಲಸಕ್ಕೆ. ಅಂದರೆ ನಮ್ಮ ಹಾಗೆಯೇ ಊರು ಬಿಟ್ಟ ನೌಕರ. ವ್ಯತ್ಯಾಸ ಇಷ್ಟೇ, ಅವನಿಗೆ ಹೋಗುವ ಮನಸ್ಸೇ ಇರಲಿಲ್ಲ.

ಇದನ್ನು ಬರೆದ ಹರಿಹರನೂ ಲೆಕ್ಕಿಗನೇ. ಹೊಯ್ಸಳ ದೊರೆಯ ಬಳಿ ಕರಣಿಕನಾಗಿದ್ದು, ಆ ಕೆಲಸ ಬಿಟ್ಟು ಹಂಪೆಯ ವಿರೂಪಾಕ್ಷನ ಸನ್ನಿಧಿ ಸೇರಿದನೆಂದು ಪ್ರತೀತಿ. ಅಲ್ಲಿನ ಗುಡಿಯ ಪರದೆಗೆ ಬೆಂಕಿ ಹತ್ತಿದ್ದನ್ನು ಹಳೇಬೀಡಿನಲ್ಲಿ ಕೂತೇ ಕಂಡು, ಅಂಗೈ ತಿಕ್ಕಿ ಆರಿಸಿದನೆಂಬ ಕತೆಯಿದೆ. ಗುಡಿಗಾಗಿ ಕಚೇರಿ ಬಿಟ್ಟವನು, ಕಚೇರಿಗಾಗಿ ಗುಡಿ ಬಿಡಬೇಕಾದವನ ಅಳುವನ್ನು ಬರೆದ! ಆ ಭಾಗದಲ್ಲಿ ಅಷ್ಟು ಕಣ್ಣೀರಿರುವುದು ಇದಕ್ಕೇ ಎಂದು ನನ್ನ ಊಹೆ. ದೇವರು ಒಬ್ಬೊಬ್ಬರಿಗೆ ಒಂದೊಂದು ದಿಕ್ಕು ತೋರಿದ; ಎರಡರಲ್ಲಿ ಯಾವುದನ್ನೂ ನಿಯಮ ಮಾಡಿಕೊಳ್ಳಲು ಬರುವುದಿಲ್ಲ.

ಹುಬ್ಬಳ್ಳಿಯಿಂದ ಬಂದ ಕೆಲಸದ ಪತ್ರವೊಂದು ನನ್ನ ಮೇಜಿನ ಮೇಲಿದೆ. ಸಂಬಳ ಕಡಿಮೆ, ಅಮ್ಮನಿಗೆ ಹತ್ತಿರ. ಸೋಮವಾರದೊಳಗೆ ಉತ್ತರಿಸಬೇಕು. ಪ್ರಸಾದ ಕೇಳಿಸುತ್ತೇನೆ ಅಂದಳು ಅಮ್ಮ. ಕೇಳಿಸು, ಪ್ರಶ್ನೆ ಮಾತ್ರ ನಾನು ಹೇಳಿದಂತೆ ಇಡಬೇಕು ಅಂದೆ. ಎರಡು ದಿನವಾಯಿತು, ಆ ಪ್ರಶ್ನೆಯ ವಾಕ್ಯವೇ ಕೂಡಿಬರುತ್ತಿಲ್ಲ.