ವಿಂಡೋಸ್ 10 ಇರುವ ಕಂಪ್ಯೂಟರ್ ಇನ್ನು ಕೆಲಸಕ್ಕೆ ಬಾರದೇ? ಸತ್ಯ ಏನು?

"ವಿಂಡೋಸ್ 10 ಬಂದ್ ಆಗಿದೆ, ಹಳೆಯ ಕಂಪ್ಯೂಟರ್ ಬಿಟ್ಟು ಹೊಸದು ಕೊಳ್ಳಿ" ಎಂಬಂಥ ಸಂದೇಶ ನಿಮ್ಮ ಗುಂಪಿಗೂ ಬಂದಿರಬಹುದು. ಅಂಬಿಕಾನಗರದ ಕಾಲೊನಿ ಮನೆಯಲ್ಲಾಗಲಿ, ದಾಂಡೇಲಿ, ಹಳಿಯಾಳದ ಝೆರಾಕ್ಸ್ ಅಂಗಡಿಯಲ್ಲಾಗಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ಸಾವಿರಾರು ರೂಪಾಯಿಯ ಪ್ರಶ್ನೆ. ಫಾರ್ವರ್ಡ್ ಮಾಡುವ ಮೊದಲು ನಿಜ ಏನೆಂದು ನೋಡೋಣ.

ನಿಜವಾಗಿ ನಿಂತಿದ್ದು ಏನು?

2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಲ್ಲಿಸಿತು. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಫೈಲುಗಳೂ ಹೋಗುವುದಿಲ್ಲ. ನಿಂತಿರುವುದು ಭದ್ರತಾ ಅಪ್‌ಡೇಟ್. ಅಂದರೆ ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತೇಪೆ ಸಿಗುವುದಿಲ್ಲ.

ತೇಪೆ ಇಲ್ಲದಿದ್ದರೆ ಏನಾಗುತ್ತದೆ?

2017ರ ಮೇ ತಿಂಗಳಲ್ಲಿ ಹರಡಿದ ವನ್ನಾಕ್ರೈ ಕುತಂತ್ರಾಂಶ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುತ್ತಿತ್ತು. ಅದು ಬಳಸಿಕೊಂಡ ದೋಷಕ್ಕೆ ಅದೇ ಮಾರ್ಚ್‌ನಲ್ಲೇ ಅಪ್‌ಡೇಟ್ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಬ್ರಿಟನ್‌ನ ಸರ್ಕಾರಿ ಆಸ್ಪತ್ರೆಗಳಲ್ಲೂ ಕೆಲಸ ಅಸ್ತವ್ಯಸ್ತವಾಯಿತು.

ಹಾಗಾದರೆ ಯಾವಾಗ ಬದಲಿಸಬೇಕು?

• ಬ್ಯಾಂಕಿಂಗ್, ಆಧಾರ್, ಗ್ರಾಹಕರ ದಾಖಲೆ ಇದ್ದರೆ: ತಡ ಮಾಡಬೇಡಿ. 22ಎಚ್2 ಆವೃತ್ತಿಯ ವಿಂಡೋಸ್ 10 ಇರುವ ವೈಯಕ್ತಿಕ ಬಳಕೆದಾರರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ಯೋಜನೆಯನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಇದು ತಾತ್ಕಾಲಿಕ ಆಸರೆ ಮಾತ್ರ.

• ವಿಂಡೋಸ್ 11 ಹಿಡಿಸುತ್ತದೆಯೇ: ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಮೈಕ್ರೋಸಾಫ್ಟ್ ಪಟ್ಟಿಯಲ್ಲಿರುವ ಪ್ರೊಸೆಸರ್ ಬೇಕು. ಮೈಕ್ರೋಸಾಫ್ಟ್‌ನ ಉಚಿತ 'ಪಿಸಿ ಹೆಲ್ತ್ ಚೆಕ್' ಇದನ್ನು ತಿಳಿಸುತ್ತದೆ. ಅರ್ಹತೆ ಇದ್ದರೆ ಹೊಸ ಯಂತ್ರ ಬೇಕಿಲ್ಲ, ಅಪ್‌ಗ್ರೇಡ್ ಉಚಿತ. ಇಲ್ಲದಿದ್ದರೆ ಅಡ್ಡದಾರಿಯಲ್ಲಿ ಹಾಕಿಸಬೇಡಿ, ಮುಂದಿನ ಅಪ್‌ಡೇಟ್‌ಗಳ ಖಾತರಿ ಇರುವುದಿಲ್ಲ.

• ಬ್ರೌಸಿಂಗ್, ಪತ್ರ ಬರೆಯುವಷ್ಟೇ ಕೆಲಸವಿದ್ದರೆ: ಉಬುಂಟು, ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಸಾಕಾಗಬಹುದು. ಪೆನ್‌ಡ್ರೈವ್‌ನಿಂದಲೇ ಚಾಲೂ ಮಾಡಿ, ಪ್ರಿಂಟರ್ ನಡೆಯುತ್ತದೆಯೇ ಎಂದು ಮೊದಲು ನೋಡಬಹುದು.

• ಇಂಟರ್ನೆಟ್ ಇಲ್ಲದ ಕಂಪ್ಯೂಟರ್: ಅವಸರವಿಲ್ಲ. ಆದರೆ ಪೆನ್‌ಡ್ರೈವ್‌ನಿಂದಲೂ ವೈರಸ್ ಬರುತ್ತದೆ.

ಕನ್ನಡ ಫೈಲುಗಳ ಬಗ್ಗೆ ಎಚ್ಚರ

ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಡೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಬದಲಿಸುವ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಎಲ್ಲ ಫೈಲುಗಳ ಇನ್ನೊಂದು ಪ್ರತಿ ಬೇರೆಡೆ ಇಡಿ. ಲಿನಕ್ಸ್‌ನಲ್ಲೂ ಕಗಪ ಕೀಲಿಮಣೆ ವಿನ್ಯಾಸ ಹಾಕಿಕೊಳ್ಳಬಹುದು.

ಒಟ್ಟಿನಲ್ಲಿ: ಸಂದೇಶ ಅರ್ಧ ಸತ್ಯ. ಕಂಪ್ಯೂಟರ್ ಸತ್ತಿಲ್ಲ, ಅದರ ಕಾವಲು ಹೋಗಿದೆ. ಒಳಗೆ ಕಳೆದುಕೊಳ್ಳಲಾಗದ್ದು ಎಷ್ಟಿದೆ ಎಂಬುದರ ಮೇಲೆ ನಿರ್ಧರಿಸಿ. "ಮೈಕ್ರೋಸಾಫ್ಟ್‌ನವರು ನಾವು" ಎಂದು ಯಾರಾದರೂ ತಾವಾಗಿ ಫೋನ್ ಮಾಡಿದರೆ ಒಟಿಪಿ ಕೊಡಬೇಡಿ, ಕರೆ ಕಟ್ ಮಾಡಿ.