ಸೋತ ಒಂದು ಓಟ

ಮ್ಯಾನ್ ಓ ವಾರ್ ಎಂಬ ಕೆಂಚು ಕುದುರೆ ಒಟ್ಟು 21 ಸಲ ಓಡಿತು, 20 ಸಲ ಗೆದ್ದಿತು. ಆ ಇಪ್ಪತ್ತಕ್ಕಿಂತ ಅದು ಸೋತ ಒಂದೇ ಓಟದ ಮೇಲೆ ನನಗೆ ಮೋಹ ಹೆಚ್ಚು.

1919ರ ಆಗಸ್ಟ್ 13, ನ್ಯೂಯಾರ್ಕ್ ರಾಜ್ಯದ ಸಾರಟೋಗ, ಆರು ಫರ್ಲಾಂಗ್. ಬಾಗಿಲುಗಳಿರುವ ಸ್ಟಾರ್ಟಿಂಗ್ ಗೇಟ್ ಇನ್ನೂ ಬಂದಿರಲಿಲ್ಲ. ಅಡ್ಡ ಕಟ್ಟಿದ ಪಟ್ಟಿ ಮೇಲೆ ಹಾರಿದರೆ ಓಟ ಶುರು. ಹಾರಿದ ಗಳಿಗೆಯಲ್ಲಿ ಮ್ಯಾನ್ ಓ ವಾರ್ ಸಜ್ಜಾಗಿರಲಿಲ್ಲ, ಹಿಂದೆ ಬಿತ್ತು. ಅದರ ಬೆನ್ನ ಮೇಲೆ 130 ಪೌಂಡ್ ತೂಕ, ಎದುರಾಳಿ ಅಪ್‌ಸೆಟ್‌ಗೆ 115. ಚೇತರಿಸಿಕೊಂಡು ಹತ್ತಿರ ಬಂದರೆ ಒಳಗಡೆ ಬೇಲಿ, ಮುಂದೆ ಗೋಲ್ಡನ್ ಬ್ರೂಮ್ ಎಂಬ ಕುದುರೆ, ಪಕ್ಕದಲ್ಲಿ ಅಪ್‌ಸೆಟ್. ನುಸುಳಲು ಸಂದಿಯಿಲ್ಲ. ಜಾಕಿ ಜಾನಿ ಲಾಫ್ಟಸ್ ಲಗಾಮು ಎಳೆದು, ಹೊರಗಿನಿಂದ ಸುತ್ತಿ ಬರುವಷ್ಟರಲ್ಲಿ ದಾರಿಯೇ ಮುಗಿಯಿತು. ಅಪ್‌ಸೆಟ್ ಎದುರು ಅರ್ಧ ಲೆಂತ್‌ನ, ಅಂದರೆ ಅರ್ಧ ಕುದುರೆಯುದ್ದದ ಸೋಲು. ಹತ್ತು ದಿನ ಕಳೆದು ಅದೇ ಮೈದಾನದಲ್ಲಿ ಅಪ್‌ಸೆಟ್ ಮತ್ತೆ ಎದುರಾದಾಗ ಮ್ಯಾನ್ ಓ ವಾರ್ ಗೆದ್ದಿತು.

ಫಲಿತಾಂಶದ ಪಟ್ಟಿಯಲ್ಲಿರುವ ‘2’ ಎಂಬ ಅಂಕಿ ಇದರಲ್ಲಿ ಒಂದನ್ನೂ ಹೇಳುವುದಿಲ್ಲ. ಹೇಳುವುದು ಚಾರ್ಟ್, ಅಂದರೆ ಓಟದ ಹಂತಹಂತದಲ್ಲೂ ಪ್ರತಿ ಕುದುರೆ ಎಲ್ಲಿತ್ತು ಎಂಬ ದಾಖಲೆ. 1894ರಲ್ಲಿ ಷಿಕಾಗೊದಲ್ಲಿ ಫ್ರಾಂಕ್ ಬ್ರೂನೆಲ್ ಶುರು ಮಾಡಿದ ‘ಡೈಲಿ ರೇಸಿಂಗ್ ಫಾರ್ಮ್’ ಪತ್ರಿಕೆ ಈ ಚಾರ್ಟುಗಳನ್ನು ಅಚ್ಚು ಹಾಕಿತು. 1905ರಿಂದ ಒಂದೊಂದು ಕುದುರೆಯ ಹಿಂದಿನ ಓಟಗಳನ್ನೆಲ್ಲ ಒಂದರ ಕೆಳಗೊಂದು ಜೋಡಿಸಿ ಕೊಟ್ಟಿತು. ಪ್ರತಿ ಚಾರ್ಟಿನ ಹಿಂದೆ ಇಬ್ಬರ ದುಡಿಮೆ. ಒಬ್ಬ ದುರ್ಬೀನು ಕಣ್ಣಿಗಿಟ್ಟು ಗೊತ್ತಾದ ಕಂಬಗಳ ಬಳಿ ಯಾವ ಕುದುರೆ ಎಷ್ಟನೆಯದು, ಎಷ್ಟು ಅಂತರ ಎಂದು ಉಸಿರುಬಿಡದೆ ಕೂಗುತ್ತಾನೆ, ಇನ್ನೊಬ್ಬ ಬರೆದುಕೊಳ್ಳುತ್ತಾನೆ. ರೀಪ್ಲೇ ಇಲ್ಲದ ಕಾಲದಲ್ಲಿ, ಧೂಳಿನಲ್ಲಿ, ಮಳೆಯಲ್ಲಿ, ಜಾಕಿಗಳ ಅಂಗಿಯ ಬಣ್ಣವನ್ನೇ ನಂಬಿ ಈ ಕೆಲಸ ಮಾಡಿದವರ ಹೆಸರು ಗ್ಯಾಲರಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ರೇಸಿನ ಇತಿಹಾಸಕಾರರು ನಿಜಕ್ಕೂ ಅವರೇ ಎಂದು ನಾನು ನಂಬಿದ್ದೇನೆ.

ಇಂಗ್ಲೆಂಡಿನಲ್ಲಿ ಗಣಿತದ ಮೇಷ್ಟರಾಗಿದ್ದ ಫಿಲ್ ಬುಲ್ 1948ರಲ್ಲಿ ‘ಟೈಮ್‌ಫಾರ್ಮ್’ ಸ್ಥಾಪಿಸಿ ಪ್ರತಿ ಕುದುರೆಗೂ ಅಂಕ ಕೊಟ್ಟ, ಜೊತೆಗೆ ಅದು ಓಡಿದ ಬಗೆಯನ್ನೂ ಬರೆಸಿದ. ಅಮೆರಿಕದ ಆಂಡ್ರೂ ಬೇಯರ್ ಗಡಿಯಾರದ ಲೆಕ್ಕಕ್ಕೆ ಹೆಸರಾದವನು. ಆದರೂ 1983ರ ತನ್ನ ಪುಸ್ತಕದಲ್ಲಿ, ಕುದುರೆ ಯಾವ ದಾರಿಯಲ್ಲಿ, ಯಾವ ಅಡ್ಡಿ ದಾಟಿ ಬಂತು ಎನ್ನುವುದಕ್ಕೆ ದೊಡ್ಡ ಜಾಗ ಕೊಟ್ಟ.

ಬೆಂಗಳೂರಿನ ರೇಸ್ ಪುಸ್ತಕ ಕೈಗೆ ಬಂದಾಗಲೂ ನಾನು ಗೆದ್ದ ಕುದುರೆಯನ್ನು ಮೊದಲು ನೋಡುವುದಿಲ್ಲ. ನಾಲ್ಕನೆಯದಾಗಿ ಬಂದದ್ದನ್ನು ಹುಡುಕುತ್ತೇನೆ. ತಿರುವಿನುದ್ದಕ್ಕೂ ಹೊರಸಾಲಿನಲ್ಲಿ ಓಡಿತೇ? ಹಾಗಿದ್ದರೆ ಉಳಿದವಕ್ಕಿಂತ ಹೆಚ್ಚು ನೆಲ ತುಳಿದಿದೆ. ಮೊದಲ ಫರ್ಲಾಂಗುಗಳಲ್ಲಿ ಮುಂದಿನವು ತಮ್ಮತಮ್ಮಲ್ಲೇ ಹೋರಾಡಿ ಸುಸ್ತಾಗಿದ್ದು, ಇದು ಅವುಗಳ ನಡುವೆಯೇ ಇದ್ದೂ ಕೊನೆಯವರೆಗೆ ಕುಸಿಯದೆ ಬಂದಿದ್ದರೆ, ಮುಂದಿನ ಓಟದಲ್ಲಿ ಅದರ ಸ್ಟಾಲ್ ನಂಬರ್ ಎಷ್ಟು, ತೂಕ ಎಷ್ಟು ಇಳಿದಿದೆ ಎಂದು ಪುಟ ತಿರುಗಿಸುತ್ತೇನೆ.