ಜೇಬಿನ ಪಿಸ್ತೂಲಿನ ಮೂರು ಅಳತೆಗಳು

ಕಳೆದ ತಿಂಗಳು ಒಂದು ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಅಮೆರಿಕದ ಟೆಕ್ಸಾಸ್ ರಾಜ್ಯದಿಂದ ಹಳೆಯ ಶಿಷ್ಯನೊಬ್ಬನ ದೂರವಾಣಿ ಕರೆ ಬಂದಿತು. ಹೆಸರು ಹೇಳುವುದಿಲ್ಲ; ಅವನ ತಾಯಿ ನನ್ನ ಈ ಬರಹಗಳನ್ನು ತಪ್ಪದೆ ಓದುತ್ತಾರೆ. ಅವನದು ರಾತ್ರಿ ಪಾಳಿಯ ಕೆಲಸ. ಬೆಳಗಿನ ಜಾವ ಕಾರು ನಿಲ್ಲಿಸಿದ ಜಾಗಕ್ಕೆ ನಡೆದುಹೋಗುತ್ತಿದ್ದ ಸಹೋದ್ಯೋಗಿಯೊಬ್ಬರನ್ನು ಯಾರೋ ಅಡ್ಡಗಟ್ಟಿ ಹಣ ಕಿತ್ತುಕೊಂಡರಂತೆ. ಅಂದಿನಿಂದ ಇವನಿಗೆ ಅಂಗಿಯ ಮರೆಯಲ್ಲಿ ಒಂದು ಸಣ್ಣ ಪಿಸ್ತೂಲನ್ನು ಇಟ್ಟುಕೊಳ್ಳುವ ಯೋಚನೆ. ಅಂಗಡಿಯವನು ಮೂರು ಅಳತೆಯ ಪಿಸ್ತೂಲುಗಳನ್ನು ಮುಂದಿಟ್ಟನಂತೆ. “ಸಾರ್, .25, .32, .380, ಮೂರರಲ್ಲಿ ಯಾವುದು ತೊಗೊಳ್ಳಲಿ?” ಎಂದು ಕೇಳಿದ.

ನನಗೆ ನಗು ಬಂದಿತು. ಸೀಮೆಸುಣ್ಣ ಮತ್ತು ಬೆತ್ತವನ್ನು ಬಿಟ್ಟರೆ ನಾನು ಹಿಡಿದ ಆಯುಧವೆಂದರೆ ಕಾಲೇಜಿನ ಎನ್.ಸಿ.ಸಿ.ಯಲ್ಲಿ ಐದು ಗುಂಡು ಹಾರಿಸಿದ .22 ರೈಫಲ್ ಒಂದೇ. ಐದೂ ಗುರಿ ತಪ್ಪಿದ್ದವು. ಆದರೆ ಅವನ ಮುಂದಿನ ಮಾತು ನಗುವನ್ನು ನಿಲ್ಲಿಸಿತು. “ಇನ್ನೊಂದು ವಿಷಯ ಸಾರ್. .380 ಕೈಗೆ ಕೊಡುವಾಗ ಅಂಗಡಿಯವನು, ಮೊದಲನೇ ಮಹಾಯುದ್ಧಕ್ಕೆ ಕಿಡಿ ಹೊತ್ತಿಸಿದ ಪಿಸ್ತೂಲು ಇದೇ ಅಳತೆಯದು ಅಂದ. ನೀವು ನಮಗೆ ರಿವಾಲ್ವರ್ ಅಂತ ಬರೆಸಿದ್ದಿರಿ.”

ಹೌದು, ಬರೆಸಿದ್ದೆ. ಒಂದು ವರ್ಷವಲ್ಲ, ನಿವೃತ್ತನಾಗುವವರೆಗೂ ಬರೆಸಿದ್ದೆ. ಆ ರಾತ್ರಿ ನಿದ್ರೆ ಬರಲಿಲ್ಲವೆಂದರೆ ಉತ್ಪ್ರೇಕ್ಷೆಯೇನಲ್ಲ. ಮರುದಿನದಿಂದ ಪುಸ್ತಕಗಳನ್ನು ತಡಕಿ, ತಿಳಿದವರನ್ನು ಕೇಳಿ, ನನಗೆ ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲಿಗೆ ವ್ಯತ್ಯಾಸವನ್ನು ಹೇಳಿಬಿಡುತ್ತೇನೆ. ರಿವಾಲ್ವರಿನಲ್ಲಿ ತೋಟಾಗಳು ನಳಿಗೆಯ ಹಿಂದಿನ ತಿರುಗುವ ಉರುಳೆಯಲ್ಲಿ ಕುಳಿತಿರುತ್ತವೆ. ಸ್ವಯಂಚಾಲಿತ ಪಿಸ್ತೂಲಿನಲ್ಲಿ ಅವು ಹಿಡಿಯೊಳಗಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ನಿಂತಿರುತ್ತವೆ. ಒಂದು ಹಾರಿದೊಡನೆ ಅದರ ಒದೆತವೇ ಮುಂದಿನದನ್ನು ಮೇಲಕ್ಕೆಳೆದು ನಳಿಗೆಗೆ ತುಂಬುತ್ತದೆ. ಉಬ್ಬಿದ ಉರುಳೆ ಇಲ್ಲದ್ದರಿಂದ ಪಿಸ್ತೂಲು ಚಪ್ಪಟೆ. ಚಪ್ಪಟೆಯಾದದ್ದು ಜೇಬಿನಲ್ಲಿ ಅಡಗುತ್ತದೆ.

ವಿಸ್ಮಯವೆಂದರೆ, ನನ್ನ ಶಿಷ್ಯನ ಮುಂದಿದ್ದ ಮೂರು ಅಳತೆಗಳೂ ಒಬ್ಬನೇ ಮನುಷ್ಯನ ಕೈಯಿಂದ ಹತ್ತು ವರ್ಷಗಳೊಳಗೆ ಬಂದವು. ಜಾನ್ ಮೋಸೆಸ್ ಬ್ರೌನಿಂಗ್ 1855ರಲ್ಲಿ ಅಮೆರಿಕದ ಯೂಟಾ ಪ್ರಾಂತದ ಆಗ್ಡೆನ್‌ನಲ್ಲಿ, ಕೋವಿ ರಿಪೇರಿ ಮಾಡುವವನ ಮಗನಾಗಿ ಹುಟ್ಟಿದವನು. ಬೆಲ್ಜಿಯಂನ ಲಿಯೇಜ್ ನಗರದ ಬಳಿಯ ಹೆರ್ಸ್ತಾಲ್‌ನಲ್ಲಿದ್ದ ಎಫ್.ಎನ್. ಕಾರ್ಖಾನೆಗಾಗಿ 1899ರ ಸುಮಾರಿಗೆ .32 ತೋಟಾವನ್ನೂ ಅದಕ್ಕೊಪ್ಪುವ ಪಿಸ್ತೂಲನ್ನೂ ರೂಪಿಸಿದ. 1905ರ ಹೊತ್ತಿಗೆ .25 ಬಂದಿತು, 1908ರಲ್ಲಿ .380. ಫ್ರಾನ್ಸ್ ಮತ್ತು ಬೆಲ್ಜಿಯಂಗಳಲ್ಲಿ ‘ಬ್ರೌನಿಂಗ್’ ಎಂಬುದು ಪಿಸ್ತೂಲಿಗೆ ಪರ್ಯಾಯ ಪದವೇ ಆಗಿಹೋಯಿತು. ನಮ್ಮಲ್ಲಿ ಡಾಲ್ಡಾ ಎಂದರೆ ವನಸ್ಪತಿ ಆದಂತೆ. ಆತ 1926ರಲ್ಲಿ ಅದೇ ಹೆರ್ಸ್ತಾಲ್ ಕಾರ್ಖಾನೆಯೊಳಗೆ, ಕೆಲಸದ ನಡುವೆಯೇ ಹೃದಯಾಘಾತದಿಂದ ತೀರಿಕೊಂಡ.

ಈ ಅಂಕಿಗಳು ಅಂಗುಲದ ಲೆಕ್ಕದವು. .25 ಎಂದರೆ ಕಾಲು ಅಂಗುಲದ ಗುಂಡು. ಯೂರೋಪಿನವರು ಇವನ್ನೇ 6.35, 7.65 ಮತ್ತು 9 ಮಿಲಿಮೀಟರ್ ಗಿಡ್ಡ ಎಂದು ಕರೆದರು. ಗುಂಡಿನ ತೂಕವನ್ನು ಅವರು ಇಂದಿಗೂ ಗ್ರೇನ್ ಲೆಕ್ಕದಲ್ಲಿ, ಅಂದರೆ ಮೂಲತಃ ಧಾನ್ಯದ ಕಾಳಿನ ಲೆಕ್ಕದಲ್ಲಿ ಹೇಳುತ್ತಾರೆ. ನಮ್ಮ ಅಕ್ಕಸಾಲಿಗರ ಗುಲಗಂಜಿಯಲ್ಲಿ ತೂಗಿದರೆ .25ರ ಗುಂಡು ಸುಮಾರು 27 ಗುಲಗಂಜಿ, .32ರದು 38, .380ರದು 51. ಗ್ರಾಂಗಳಲ್ಲಿ ಹೇಳುವುದಾದರೆ 3.2, 4.6 ಮತ್ತು 6.2. ನಳಿಗೆಯಿಂದ ಹೊರಬೀಳುವಾಗಿನ ಶಕ್ತಿ ಸುಮಾರಾಗಿ 85, 170 ಮತ್ತು 260 ಜೂಲ್. ಸೈನಿಕರ ಪೂರ್ಣ ಗಾತ್ರದ 9 ಮಿ.ಮೀ. ಪಿಸ್ತೂಲಿನದು 450ಕ್ಕೂ ಮೇಲೆ. ಒಟ್ಟಿನಲ್ಲಿ ಜೇಬಿನ ಪಿಸ್ತೂಲುಗಳಲ್ಲಿ ದೊಡ್ಡಣ್ಣನೆನಿಸಿಕೊಂಡದ್ದೂ ಸೈನ್ಯದ ಲೆಕ್ಕದಲ್ಲಿ ಕಿರಿಯನೇ.

ಹಾಗಾದರೆ ಇಷ್ಟು ಸಣ್ಣದನ್ನು ಏಕೆ ಮಾಡಿದರು? ಆಗಿನ ಪಟ್ಟಣದ ಸಂಭಾವಿತರು ಕೋಟಿನ ಆಕಾರ ಕೆಡದಂತೆ ಒಳಗಿಟ್ಟುಕೊಳ್ಳಲು ಏನಾದರೂ ಬೇಕೆನ್ನುತ್ತಿದ್ದರು. 1905ರ .25 ಪಿಸ್ತೂಲು ಹನ್ನೊಂದೂವರೆ ಸೆಂಟಿಮೀಟರ್ ಉದ್ದ. ನಮ್ಮ ಜ್ಯಾಮಿಟ್ರಿ ಪೆಟ್ಟಿಗೆಗಿಂತ ಚಿಕ್ಕದು. ಅದಕ್ಕೂ ಹಿಂದೆ ಫ್ರಾನ್ಸಿನಲ್ಲಿ ‘ವೆಲೋ-ಡಾಗ್’ ಎಂಬ ಪುಟ್ಟ ರಿವಾಲ್ವರ್ ಇತ್ತು. ಸೈಕಲ್ ಸವಾರರನ್ನು ಅಟ್ಟಿಸಿಕೊಂಡು ಬರುವ ನಾಯಿಗಳಿಗಾಗಿಯೇ ಮಾಡಿದ್ದು! ಕರುಣೆಯುಳ್ಳವರಿಗೆಂದು ಗುಂಡಿನ ಬದಲು ಮೆಣಸಿನ ಪುಡಿ ತುಂಬಿದ ತೋಟಾಗಳೂ ದೊರೆಯುತ್ತಿದ್ದವು. ಶಾಲೆಗೆ ದಿನವೂ ಆರು ಮೈಲಿ ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ಹಳ್ಳದ ತಿರುವಿನ ನಾಯಿಗೆ ನಾನು ಕೊಡೆಯ ತುದಿಯನ್ನು ತೋರಿಸಿಯೇ ಇಪ್ಪತ್ತು ವರ್ಷ ಕಳೆದೆ.

ಇನ್ನು ಸರಾಯೆವೊ. 1914ರ ಜೂನ್ 28ರಂದು ಗವ್ರಿಲೋ ಪ್ರಿನ್ಸಿಪ್ ಎಂಬ 19 ವರ್ಷದ ಹುಡುಗ ಆಸ್ಟ್ರಿಯಾದ ಯುವರಾಜ ಫ್ರಾನ್ಜ್ ಫರ್ಡಿನಾಂಡ್ ದಂಪತಿಗಳ ಮೇಲೆ ಎರಡು ಗುಂಡು ಹಾರಿಸಿದ. ಒಂದು ಯುವರಾಜನ ಕೊರಳಿಗೆ, ಇನ್ನೊಂದು ಸೋಫಿಯ ಹೊಟ್ಟೆಗೆ. ಸೋಫಿಯನ್ನು ಕೊಲ್ಲುವ ಉದ್ದೇಶ ತನಗಿರಲಿಲ್ಲ, ಆ ಗುಂಡು ರಾಜ್ಯಪಾಲ ಪೊಟಿಯೊರೆಕ್‌ಗಾಗಿ ಇತ್ತು ಎಂದು ಅವನು ವಿಚಾರಣೆಯಲ್ಲಿ ಹೇಳಿದ. ಸಂಚುಗಾರರು ಬೆಲ್‌ಗ್ರೇಡಿನಿಂದ ತಂದಿದ್ದ ನಾಲ್ಕು ಪಿಸ್ತೂಲುಗಳೂ ಎಫ್.ಎನ್. 1910ರ ಮಾದರಿಯವು, .380 ಅಳತೆಯವು. ಬಹುಕಾಲ ಅನೇಕ ಪುಸ್ತಕಗಳು ಇದನ್ನು ಬ್ರೌನಿಂಗನ ಹಳೆಯ 7.65 ಮಾದರಿಯೆಂದೇ ಬರೆದವು. ಆ ಪಿಸ್ತೂಲು ಆಸ್ಟ್ರಿಯಾದ ಜೆಸ್ಯೂಟ್ ಪಾದ್ರಿಗಳ ವಶದಲ್ಲಿ ದಶಕಗಳ ಕಾಲ ಕಣ್ಮರೆಯಾಗಿದ್ದು, 2004ರಲ್ಲಿ ವಿಯೆನ್ನಾದ ಸೈನಿಕ ಇತಿಹಾಸ ವಸ್ತುಸಂಗ್ರಹಾಲಯವನ್ನು ಸೇರಿತು. ಅದರ ಮೇಲಿನ ಸಂಖ್ಯೆ 19074. ದೊಡ್ಡ ವಿದ್ವಾಂಸರೂ ಅಳತೆಯಲ್ಲಿ ಎಡವಿದ್ದರೆಂದು ಸಮಾಧಾನ ಪಟ್ಟುಕೊಳ್ಳಬಹುದಿತ್ತು. ಆದರೆ ಅವರು ಪಿಸ್ತೂಲನ್ನು ರಿವಾಲ್ವರ್ ಮಾಡಿರಲಿಲ್ಲ. ಪ್ರಿನ್ಸಿಪ್ ಆ ಹೊತ್ತಿನಲ್ಲಿ ಸ್ಯಾಂಡ್‌ವಿಚ್ ತಿನ್ನುತ್ತಿದ್ದನೆಂಬ ಕಟ್ಟುಕಥೆ ಈಚೆಗೆ ಎಲ್ಲೆಲ್ಲೂ ಓಡಾಡುತ್ತಿದೆ. ಪುಣ್ಯಕ್ಕೆ ಅದನ್ನು ನಾನು ಯಾರಿಗೂ ಬರೆಸಲಿಲ್ಲ.

ಇದೇ ಅಳತೆ ಇನ್ನೊಮ್ಮೆ ಎದುರಾದಾಗ ಓದುತ್ತಿದ್ದ ಪುಸ್ತಕವನ್ನು ಮಡಚಿಟ್ಟು ಅಂಗಳಕ್ಕೆ ಹೋಗಿ ನಿಂತೆ. 1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಗೋಡ್ಸೆಯ ಕೈಯಲ್ಲಿದ್ದುದು ಇಟಲಿಯ ಬೆರೆಟ್ಟಾ, 1934ರ ಮಾದರಿ. ಅದರ ತೋಟಾ ಇಟಲಿಯವರು ‘ಕೋರ್ತೊ’ ಎನ್ನುವ 9 ಮಿಲಿಮೀಟರ್ ಗಿಡ್ಡ, ಅಂದರೆ ಇದೇ .380. ಕೆಲವೇ ಅಡಿಗಳ ಅಂತರದಿಂದ ಮೂರು ಗುಂಡು.

ಅಳತೆ ದೊಡ್ಡದಾದರೆ ಸಾವು ಖಚಿತ, ಚಿಕ್ಕದಾದರೆ ಇಲ್ಲ ಎಂಬ ಲೆಕ್ಕ ಚರಿತ್ರೆಯಲ್ಲಿ ಕೂಡಿಬರುವುದಿಲ್ಲ. ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ 1881ರಲ್ಲಿ ತಗುಲಿದ್ದು .44ರ ದಪ್ಪ ಗುಂಡು. ಆದರೂ ಅವರು 79 ದಿನ ಬದುಕಿದ್ದರು. ವೈದ್ಯರು ತೊಳೆಯದ ಬೆರಳುಗಳಿಂದ ಗಾಯವನ್ನು ಕೆದಕಿ ನಂಜೇರಿಸಿದರು. 1901ರಲ್ಲಿ ಅಧ್ಯಕ್ಷ ಮೆಕಿನ್ಲಿಗೆ .32 ರಿವಾಲ್ವರಿನ ಗುಂಡು ತಗುಲಿತು. ಎಂಟು ದಿನಗಳ ಮೇಲೆ ಒಳಗಾಯ ಕೊಳೆತು ತೀರಿಕೊಂಡರು. ರಾಬರ್ಟ್ ಕೆನಡಿಯನ್ನು 1968ರಲ್ಲಿ ಕೊಂದದ್ದು .22, ನಾನು ಎನ್.ಸಿ.ಸಿ.ಯಲ್ಲಿ ಹಾರಿಸಿದ್ದ ಆಟಿಕೆಯಂಥ ಅಳತೆ. ಅದೇ .22, 1981ರಲ್ಲಿ ಅಧ್ಯಕ್ಷ ರೇಗನ್ನರ ಶ್ವಾಸಕೋಶವನ್ನು ಹೊಕ್ಕು ಹೃದಯದ ಸನಿಹದಲ್ಲಿ ನಿಂತಿತು. ಆಸ್ಪತ್ರೆ ಹತ್ತಿರವಿತ್ತು, ಅವರು ಉಳಿದುಕೊಂಡರು.

ಈ ವಾದದಲ್ಲಿ ಕಾದಂಬರಿಕಾರರೂ ಸಿಕ್ಕಿಕೊಂಡದ್ದುಂಟು. ಇಯಾನ್ ಫ್ಲೆಮಿಂಗ್ ತನ್ನ ಜೇಮ್ಸ್ ಬಾಂಡ್‌ನ ಕೈಗೆ ಮೊದಲು .25ರ ಬೆರೆಟ್ಟಾ ಕೊಟ್ಟಿದ್ದ. ಆಯುಧಗಳನ್ನು ಬಲ್ಲ ಜೆಫ್ರಿ ಬೂತ್‌ರಾಯ್ಡ್ ಎಂಬ ಓದುಗ, ಗೂಢಚಾರನೊಬ್ಬನಿಗೆ ಇದು ತಕ್ಕದ್ದಲ್ಲವೆಂದು 1956ರಲ್ಲಿ ಪತ್ರ ಬರೆದ. ಫ್ಲೆಮಿಂಗ್ ಒಪ್ಪಿಕೊಂಡು 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ .32ರ ವಾಲ್ಥರ್ ಪಿಸ್ತೂಲನ್ನು ಕೊಡಿಸಿದ್ದಲ್ಲದೆ, ಅದನ್ನು ಕೊಡುವ ಪಾತ್ರಕ್ಕೆ ಬೂತ್‌ರಾಯ್ಡ್ ಎಂದೇ ಹೆಸರಿಟ್ಟ. ಆದರೆ ರಿವಾಲ್ವರಿಗೆಂದು ಮಾಡಿದ ಚರ್ಮದ ಚೀಲವನ್ನು ಪಿಸ್ತೂಲಿಗೆ ಜೋಡಿಸಿಬಿಟ್ಟ. ಪಿಸ್ತೂಲು–ರಿವಾಲ್ವರುಗಳ ಗೊಂದಲದಲ್ಲಿ ನನಗೊಬ್ಬ ಘನವಂತ ಸಂಗಾತಿ ಸಿಕ್ಕಂತಾಯಿತು.

ನಮ್ಮ ದೇಶದಲ್ಲಿ ಈ ಆಯ್ಕೆಯ ಪ್ರಶ್ನೆ ಹೆಚ್ಚಾಗಿ ಏಳುವುದೇ ಇಲ್ಲ. ಪರವಾನಗಿ ದೊರೆಯುವುದೇ ಕಷ್ಟ. ದೊರೆತವರಲ್ಲಿಯೂ ಬಹಳ ಮಂದಿಗೆ ಪರಿಚಿತವಾದದ್ದು ಕಾನ್ಪುರದ ಸರ್ಕಾರಿ ಕಾರ್ಖಾನೆಯ.32 ರಿವಾಲ್ವರ್. ಅದರ ತೋಟಾ ಬ್ರೌನಿಂಗನ .32 ಅಲ್ಲ, ಹೆಸರಿನ ಅಂಕಿ ಒಂದೇ, ತೋಟಾ ಬೇರೆ. ಟೆಕ್ಸಾಸಿನ ಕಥೆ ಇನ್ನೂ ವಿಚಿತ್ರವಾದದ್ದು. ಚಲನಚಿತ್ರಗಳಲ್ಲಿ ಎಲ್ಲರ ಸೊಂಟದಲ್ಲಿಯೂ ಪಿಸ್ತೂಲು ತೂಗುವ ಆ ರಾಜ್ಯ 1871ರಲ್ಲಿ ಅದನ್ನು ಒಯ್ಯುವುದನ್ನೇ ಬಹುಮಟ್ಟಿಗೆ ನಿಷೇಧಿಸಿತ್ತು. ಮರೆಮಾಡಿಕೊಂಡು ಒಯ್ಯಲು ಪರವಾನಗಿ ಕೊಡುವ ಶಾಸನ ಬಂದದ್ದು 1995ರಲ್ಲಿ. 2021ರ ಸೆಪ್ಟೆಂಬರಿನಿಂದ 21 ವರ್ಷ ತುಂಬಿದ ಹೆಚ್ಚಿನವರಿಗೆ ಪರವಾನಗಿಯೂ ಬೇಡವಾಯಿತು. ಅಮೆರಿಕದ ಕೆಂಟಕಿ, ಲೂಯಿಸಿಯಾನಗಳಲ್ಲಿ 1813ರಷ್ಟು ಹಿಂದೆಯೇ ಆಯುಧವನ್ನು ಅಡಗಿಸಿಕೊಳ್ಳುವುದರ ವಿರುದ್ಧ ಶಾಸನಗಳಾಗಿದ್ದವು. ಎದ್ದು ಕಾಣುವಂತೆ ಧರಿಸುವವನು ಮರ್ಯಾದಸ್ಥ, ಬಚ್ಚಿಟ್ಟುಕೊಳ್ಳುವವನು ಹೇಡಿ ಎಂಬ ಭಾವನೆ ಆಗ ಇತ್ತು. ಕೊಡಗಿನ ಮನೆಗಳಲ್ಲಿ ಗೋಡೆಯ ಮೇಲೆ ಎಲ್ಲರ ಕಣ್ಣಿಗೂ ಬೀಳುವಂತಿದ್ದು, ಕೈಲ್‌ಪೊಳ್ದಿನಂದು ಹೂವೇರಿಸಿಕೊಳ್ಳುವ ಕೋವಿಯನ್ನು ಕಂಡವರಿಗೆ ಈ ಭಾವನೆ ಅರ್ಥವಾಗದಿರದು.

ಶಾಸನ ಸಡಿಲಿದಂತೆ ಪಿಸ್ತೂಲುಗಳೂ ಕುಗ್ಗಿದವು. 1910ರ ಎಫ್.ಎನ್. ಸುಮಾರು 590 ಗ್ರಾಂ ತೂಗುತ್ತಿತ್ತು. 2008ರಲ್ಲಿ ಬಂದ ರೂಗರ್ ಎಲ್.ಸಿ.ಪಿ. ಅದೇ .380 ತೋಟಾವನ್ನು 270 ಗ್ರಾಂಗಿಂತ ಕಡಮೆ ತೂಕದಲ್ಲಿ ಹಿಡಿಸಿತು. .25ನ್ನು ಕೇಳುವವರು ವಿರಳವಾದರು. ಆದರೆ ನ್ಯೂಟನ್ನನ ಮೂರನೆಯ ನಿಯಮವನ್ನು ಯಾವ ಕಾರ್ಖಾನೆಯೂ ತಿದ್ದಲಾರದು. ಅದೇ ಗುಂಡು, ಅರ್ಧಕ್ಕಿಂತ ಕಡಮೆ ತೂಕ. ಅಂಗೈಗೆ ಬೀಳುವ ಒದೆತ ಜೋರು. ನೋಯಿಸುವ ಆಯುಧದಲ್ಲಿ ಯಾರೂ ಅಭ್ಯಾಸ ಮಾಡರು. ಆದುದರಿಂದಲೇ, ಗುರಿಯಿಡಬಲ್ಲ .32 ಗುರಿ ತಪ್ಪುವ .380ಗಿಂತ ಮೇಲು ಎನ್ನುವವರು ಅಲ್ಲಿ ಇಂದಿಗೂ ಇದ್ದಾರೆ. ಅವರ ಮಾತಿನಲ್ಲಿ ತಥ್ಯವಿದೆಯೆಂದು ನನಗೂ ತೋರುತ್ತದೆ.

ಇಷ್ಟನ್ನು ಅವನಿಗೆ ಹೇಳಿದೆ. ನನ್ನನ್ನು ಕಾಡಿದ ಇನ್ನೊಂದು ಸಂಗತಿಯನ್ನೂ ಹೇಳಿದೆ. ಈ ಮೂರು ಅಳತೆಯ ಪಿಸ್ತೂಲುಗಳು ಲಕ್ಷಗಟ್ಟಲೆ ಮಾರಾಟವಾದವು. ಕೊಂಡವರಲ್ಲಿ ಹೆಚ್ಚಿನವರು ಅವನಂತೆಯೇ ಕತ್ತಲಿಗೆ ಅಂಜಿದ ಗೃಹಸ್ಥರು. ಅವರಲ್ಲಿ ಎಷ್ಟು ಮಂದಿಗೆ ಅದರಿಂದ ರಕ್ಷಣೆ ಸಿಕ್ಕಿತು, ಎಷ್ಟು ಮನೆಗಳಲ್ಲಿ ಅದು ಮೇಜಿನ ಖಾನೆಯಲ್ಲಿ ತುಕ್ಕು ಹಿಡಿಯಿತು, ಎಷ್ಟು ಮನೆಗಳಲ್ಲಿ ಮಕ್ಕಳ ಕೈಗೆ ಸಿಕ್ಕಿತು ಎಂಬುದಕ್ಕೆ ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯಿಲ್ಲ. ಚರಿತ್ರೆ ಜೋಪಾನವಾಗಿ ಸಂಖ್ಯೆ ಬರೆದಿಟ್ಟದ್ದು ಕೊಲೆಗಡುಕರ ಪಿಸ್ತೂಲುಗಳನ್ನು. ಅವನ್ನು ನೋಡಿ ಒಬ್ಬ ಗೃಹಸ್ಥನಿಗೆ ಯಾವ ಅಳತೆ ಹಿತವೆಂದು ಚರಿತ್ರೆಯ ಮೇಷ್ಟ್ರು ಹೇಳುವುದು ಹೇಗೆ?

“ಬೆಳಿಗ್ಗೆ ಏಳಕ್ಕೆ ಮನೆಗೆ ಬಂದು ನೀನು ಮಲಗಿಬಿಡುತ್ತೀಯಲ್ಲ, ಆಗ ಅದನ್ನು ಎಲ್ಲಿ ಇಡುತ್ತೀಯಪ್ಪಾ?” ಎಂದು ಕೇಳಿದೆ. ಅವನಿಗೆ ಆರು ವರ್ಷದ ಮಗಳಿದ್ದಾಳೆ. ಹಿಂದಿನ ಬೇಸಿಗೆಯಲ್ಲಿ ಬಂದಾಗ ನಮ್ಮ ಮನೆಯ ಒಂದು ಖಾನೆಯನ್ನೂ ಬಿಡದೆ ತೆರೆದು ನೋಡಿದ್ದ ಹುಡುಗಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದಕ್ಕೆ ಬೀಗದ ಪೆಟ್ಟಿಗೆ ಬರುತ್ತೆ ಸಾರ್” ಎಂದ. “ಬೀಗದ ಪೆಟ್ಟಿಗೆಯನ್ನು ಮೊದಲು ಕೊಂಡುಕೋ” ಎಂದೆ. ಮೊನ್ನೆ ಭಾನುವಾರ ಮತ್ತೆ ಕರೆ ಮಾಡಿದ್ದ. ಮಳೆ, ಬೆಳೆ, ಅವನ ತಾಯಿಯ ಮಂಡಿ ನೋವು ಎಲ್ಲದರ ಮಾತೂ ಆಯಿತು. ಆ ವಿಷಯವನ್ನು ಅವನೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮಲ್ಲಿ ಯಾರಾದರೂ ನಾನು ಬರೆಸಿದ ಹತ್ತನೆಯ ತರಗತಿಯ ಟಿಪ್ಪಣಿ ಪುಸ್ತಕವನ್ನು ಇನ್ನೂ ಇಟ್ಟುಕೊಂಡಿದ್ದರೆ, ಮೊದಲನೆಯ ಮಹಾಯುದ್ಧದ ತತ್‌ಕ್ಷಣದ ಕಾರಣ ಎಂಬಲ್ಲಿ ‘ರಿವಾಲ್ವರ್’ ಎಂಬುದನ್ನು ಹೊಡೆದುಹಾಕಿ ‘ಪಿಸ್ತೂಲು’ ಎಂದು ತಿದ್ದಿಕೊಳ್ಳಿ. ಕೆಂಪು ಶಾಯಿಯಲ್ಲಿ ತಿದ್ದಿದರೂ ಅಡ್ಡಿಯಿಲ್ಲ.